ಹಬೆಗೆ ಸೋಲುವ ಸೆರಾಮಿಕ್: ಸಿಲಿಕಾನ್ ಕಾರ್ಬೈಡ್ ಮೇಲೆ ಇಬಿಸಿ ಕೋಟಿಂಗ್ ಮಾಡುವುದು ಹೇಗೆ

ಎಂ.ಟೆಕ್ ಪ್ರಾಜೆಕ್ಟ್ ಮಾಡುವವರು, ಹೊಸದಾಗಿ ಪಿಎಚ್‌ಡಿಗೆ ಸೇರಿದವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಸಿಲಿಕಾನ್ ಕಾರ್ಬೈಡ್ ತುಂಡು ಸಿಕ್ಕಿದೆ, ಲ್ಯಾಬ್‌ನಲ್ಲಿ ಜಿರ್ಕೋನಿಯಾ ಪೌಡರ್ ಇದೆ, ಪ್ಲಾಸ್ಮಾ ಸ್ಪ್ರೇ ಮಾಡಿಸಿಬಿಟ್ಟರೆ ಆಗಲ್ವಾ?" ಆಗಲ್ಲ. (ಪ್ಲಾಸ್ಮಾ ಸ್ಪ್ರೇ ಅಂದರೆ ಪುಡಿಯನ್ನು ಅತಿ ಬಿಸಿ ಅನಿಲದ ಗನ್‌ನಲ್ಲಿ ಕರಗಿಸಿ ಹನಿಹನಿಯಾಗಿ ಮೇಲ್ಮೈಗೆ ಹೊಡೆಯುವುದು; ಜಿರ್ಕೋನಿಯಾ ಅಂದರೆ ಲೋಹದ ಟರ್ಬೈನ್ ಬ್ಲೇಡ್‌ಗೆ ಹೊದಿಸುವ ಸೆರಾಮಿಕ್.) ಯಾಕೆ ಆಗಲ್ಲ, ಅದರ ಬದಲು ಏನು ಮಾಡಬೇಕು, ಮಾಡಿದ್ದು ಸರಿ ಇದೆಯೋ ಇಲ್ಲವೋ ಅಂತ ಹೇಗೆ ನೋಡಬೇಕು ಎಂಬುದನ್ನೆಲ್ಲ ಒಂದೇ ಕಡೆ ಬರೆದಿಡುತ್ತೇನೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವುದು ತಪ್ಪುತ್ತದೆ.

ಎರಡು ಪದ ಮೊದಲೇ ಬಿಡಿಸಿಕೊಳ್ಳೋಣ. ಸಿಎಂಸಿ ಅಂದರೆ ಸೆರಾಮಿಕ್ ನೂಲುಗಳನ್ನು ಸೆರಾಮಿಕ್‌ನಲ್ಲೇ ಹುದುಗಿಸಿದ ವಸ್ತು. ಗೋಡೆ ಕಟ್ಟುವ ಮಣ್ಣಿಗೆ ಹುಲ್ಲು ಕಲಸುತ್ತಿದ್ದರಲ್ಲ, ಲೆಕ್ಕ ಅದೇ. ಬಿರುಕು ಬಿಟ್ಟರೂ ನೂಲು ಹಿಡಿದಿಟ್ಟುಕೊಳ್ಳುತ್ತದೆ, ಗಾಜಿನ ಹಾಗೆ ಫಳಾರನೆ ಒಡೆಯುವುದಿಲ್ಲ. ಇಲ್ಲಿ ನೂಲೂ ಸಿಲಿಕಾನ್ ಕಾರ್ಬೈಡ್, ಸುತ್ತಲಿನದೂ ಸಿಲಿಕಾನ್ ಕಾರ್ಬೈಡ್. ಎಂಜಿನ್‌ನಲ್ಲಿ ಬಳಸುವ ನಿಕ್ಕಲ್ ಮಿಶ್ರಲೋಹಕ್ಕೆ ಹೋಲಿಸಿದರೆ ತೂಕ ಮೂರನೇ ಒಂದು ಭಾಗ, ಶಾಖ ತಡೆಯುವ ಶಕ್ತಿ ಜಾಸ್ತಿ. ಇಬಿಸಿ ಅಂದರೆ ಅದರ ಮೇಲಿನ ಕಾವಲು ಕೋಟಿಂಗ್, ಪೂರ್ತಿ ಹೆಸರು ಎನ್ವಿರಾನ್‌ಮೆಂಟಲ್ ಬ್ಯಾರಿಯರ್ ಕೋಟಿಂಗ್.

ಇದು ಬರೀ ಲ್ಯಾಬ್ ಮಾತಲ್ಲ. ಸಿಎಫ್‌ಎಂ ಕಂಪನಿಯ ಲೀಪ್ ಎಂಜಿನ್ 2016ರಲ್ಲಿ ಪ್ರಯಾಣಿಕರ ವಿಮಾನಗಳಿಗೆ ಬಂತು. ಅದರ ಹೈ ಪ್ರೆಶರ್ ಟರ್ಬೈನ್‌ನ ಬ್ಲೇಡ್ ತುದಿಗಳ ಸುತ್ತ ಇರುವ ಬಳೆಯಂಥ ಭಾಗ, ಅಂದರೆ ಶ್ರೌಡ್, ಸಿಎಂಸಿಯದು. ಬೆಂಗಳೂರಿಗೆ ಬಂದು ಹೋಗುವ ಆಕಾಸ ಏರ್‌ನ 737 ಮ್ಯಾಕ್ಸ್ ವಿಮಾನಗಳಲ್ಲಿ ಇರುವುದೂ ಲೀಪ್ ಎಂಜಿನ್ನೇ. ಆಮೇಲೆ ಬಂದ ಜಿಇ9ಎಕ್ಸ್ ಎಂಜಿನ್‌ನಲ್ಲಿ ಕಂಬಸ್ಟರ್ ಲೈನರ್ (ಇಂಧನ ಉರಿಯುವ ಕೋಣೆಯ ಒಳಗೋಡೆ), ನಾಝಲ್‌ಗಳೂ ಸಿಎಂಸಿ ಆದವು.

ಹಾಗಾದರೆ ಇಷ್ಟು ಗಟ್ಟಿ ವಸ್ತುವಿಗೆ ಕೋಟಿಂಗ್ ಯಾಕೆ?

ಹೊಸಬರು ಎಡವುವುದು ಇಲ್ಲೇ. ಸಿಲಿಕಾನ್ ಕಾರ್ಬೈಡ್ ಶಾಖಕ್ಕೆ ಹೆದರುವುದಿಲ್ಲ, ಹಬೆಗೆ ಹೆದರುತ್ತದೆ. ಒಣ ಗಾಳಿಯಲ್ಲಿ ಕಾಯಿಸಿ ನೋಡಿ, ಮೇಲೆ ಸಿಲಿಕಾದ (ಅಂದರೆ ಸಿಲಿಕಾನ್ ಆಕ್ಸೈಡ್‌ನ) ತೆಳು ಪದರ ಹುಟ್ಟಿಕೊಂಡು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಆದರೆ ಇಂಧನ ಉರಿದರೆ ನೀರು ಹುಟ್ಟುತ್ತದೆ, ಒಳಗೆ ಬರುವ ಗಾಳಿ ಎಷ್ಟೇ ಒಣಗಿರಲಿ, ಎಂಜಿನ್‌ನೊಳಗಿನ ಬಿಸಿ ಅನಿಲದಲ್ಲಿ ಶೇ 5ರಿಂದ 10ರಷ್ಟು ಹಬೆ ಇದ್ದೇ ಇರುತ್ತದೆ. ಆ ಹಬೆ ಸಿಲಿಕಾ ಜೊತೆ ಸೇರಿ ಸಿಲಿಕಾನ್ ಹೈಡ್ರಾಕ್ಸೈಡ್ ಎಂಬ ಅನಿಲವಾಗಿ ಹಾರಿಹೋಗುತ್ತದೆ. ಮತ್ತೆ ಹೊಸ ಸಿಲಿಕಾ ಹುಟ್ಟುತ್ತದೆ, ಮತ್ತೆ ಹಾರುತ್ತದೆ. ಸೋಪಿನ ಹಾಗೆ ಸವೆಯುತ್ತಾ ಹೋಗುತ್ತದೆ. ಇದಕ್ಕೆ ರಿಸೆಷನ್ ಅಂತಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾ ಕೇಂದ್ರದವರು 1990ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಹಬೆಯ ಒತ್ತಡ ಎರಡರಷ್ಟಾದರೆ ಸವೆತ ಎರಡರಷ್ಟಲ್ಲ, ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅನಿಲದ ವೇಗ ಹೆಚ್ಚಿದರೂ ಏರುತ್ತದೆ. ಎಂಜಿನ್‌ನ ಒತ್ತಡ, ವೇಗದಲ್ಲಿ ಲೆಕ್ಕ ಹಾಕಿದರೆ ಸಾವಿರ ಗಂಟೆಗೆ ನೂರಾರು ಮೈಕ್ರಾನ್ ಹೋಗುತ್ತದೆ.

ಕೋಟಿಂಗ್ ಇದ್ದರೆ ಎಷ್ಟು ಲಾಭ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಸೋಲಾರ್ ಟರ್ಬೈನ್ಸ್ ಕಂಪನಿಯ ಪ್ರಯೋಗ. 1997ರಿಂದ ಅವರು ಸೆಂಟಾರ್ 50ಎಸ್ ಎಂಬ ನೆಲದ ಟರ್ಬೈನ್‌ನಲ್ಲಿ ಸಿಎಂಸಿ ಲೈನರ್ ಹಾಕಿ ಓಡಿಸಿದರು. ಕೋಟಿಂಗ್ ಇಲ್ಲದ್ದು ಸುಮಾರು 5,000 ಗಂಟೆಗೆ ಸವೆದು ತೆಗೆಯಬೇಕಾಯಿತು. ಕೋಟಿಂಗ್ ಇದ್ದದ್ದು 14,000, 15,000 ಗಂಟೆಯ ಆಸುಪಾಸು ಬಂತು.

ಏನೇನು ಬೇಕು

ಸಿಲಿಕಾನ್ ಕಾರ್ಬೈಡ್ ತುಂಡುಗಳು, ಕನಿಷ್ಠ ಹತ್ತು. ಸಿಲಿಕಾನ್ ಪೌಡರ್, ಇಟರ್ಬಿಯಂ ಡೈಸಿಲಿಕೇಟ್ ಪೌಡರ್ (ಇಟರ್ಬಿಯಂ ಎಂಬ ಲೋಹದ ಆಕ್ಸೈಡ್, ಸಿಲಿಕಾ ಸೇರಿದ ಸೆರಾಮಿಕ್). ಪ್ಲಾಸ್ಮಾ ಸ್ಪ್ರೇ ಸೌಲಭ್ಯ (ನಿಮ್ಮಲ್ಲಿ ಇಲ್ಲದಿದ್ದರೆ ಜಾಬ್‌ವರ್ಕ್ ಮಾಡಿಸಬಹುದು, ಆದರೆ ಆ ದಿನ ನೀವೇ ಹೋಗಿ ಪಕ್ಕದಲ್ಲಿ ನಿಂತಿರಬೇಕು). 1350 ಡಿಗ್ರಿ ಮುಟ್ಟುವ ಬಾಕ್ಸ್ ಫರ್ನೇಸ್ ಒಂದು, ಹಬೆ ಬಿಡಬಹುದಾದ ಟ್ಯೂಬ್ ಫರ್ನೇಸ್ ಒಂದು. ಡೀಅಯೊನೈಸ್ಡ್ ನೀರು. ಎಕ್ಸ್‌ಆರ್‌ಡಿ (ಎಕ್ಸ್‌ರೇ ಬಿಟ್ಟು ಹರಳಿನ ರಚನೆ ನೋಡುವ ಯಂತ್ರ), ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ ಸ್ಲಾಟ್. ಡಿಗ್ರಿ ಅಂತ ಬರೆದಲ್ಲೆಲ್ಲ ಸೆಲ್ಸಿಯಸ್ ಅಂತಲೇ ಓದಿಕೊಳ್ಳಿ.

1. ತುಂಡು ಆರಿಸಿ

ಮೊದಲ ಸುತ್ತಿಗೆ ಸಿಎಂಸಿ ಬಳಸಬೇಡಿ. ದುಬಾರಿ ಅನ್ನುವುದು ಒಂದು ಕಾರಣ, ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸಿಎಂಸಿಯಲ್ಲಿ ನೂಲಿನ ಸುತ್ತ ಬೋರಾನ್ ನೈಟ್ರೈಡ್‌ನ ತೆಳು ಹೊದಿಕೆ ಇರುತ್ತದೆ. ತುಂಡು ಕತ್ತರಿಸಿದ ಅಂಚಿನಲ್ಲಿ ಅದು ಬಯಲಿಗೆ ಬಂದು, ಹಬೆ ಅಲ್ಲಿಂದ ಒಳಗೆ ನುಗ್ಗಿ ಅದನ್ನು ತಿಂದುಹಾಕುತ್ತದೆ. ಆಮೇಲೆ ತುಂಡು ಕೆಟ್ಟದ್ದು ಕೋಟಿಂಗ್‌ನಿಂದಲೋ ಅಂಚಿನಿಂದಲೋ ಅಂತ ಹೇಳುವುದೇ ಕಷ್ಟ. ಹಾಗಾಗಿ ನೂಲಿಲ್ಲದ, ಗಟ್ಟಿ ಸಿಲಿಕಾನ್ ಕಾರ್ಬೈಡ್ ಬಿಲ್ಲೆಗಳಲ್ಲಿ ಕೈ ಪಳಗಿಸಿಕೊಳ್ಳಿ. ಜಗತ್ತಿನ ಬಹಳಷ್ಟು ಲ್ಯಾಬ್‌ಗಳು ಮಾಡುವುದೂ ಇದನ್ನೇ.

25 ಮಿ.ಮೀ. ಬಿಲ್ಲೆ, 3 ಮಿ.ಮೀ. ದಪ್ಪ ಸಾಕು. ಅಂಚುಗಳನ್ನು ಡೈಮಂಡ್ ಪ್ಯಾಡ್‌ನಲ್ಲಿ ತಿಕ್ಕಿ ದುಂಡಗೆ ಮಾಡಿ. ಚೂಪು ಅಂಚು ಇದ್ದರೆ ಕೋಟಿಂಗ್ ಹಕ್ಕಳೆ ಏಳುವುದು ಅಲ್ಲಿಂದಲೇ ಶುರು.

ಸಿಎಂಸಿಗೆ ಬಂದಾಗ ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಅದನ್ನು ಮಾಡಿದ್ದು ಹೇಗೆ? ಕರಗಿದ ಸಿಲಿಕಾನ್ ಹೀರಿಸಿ ಮಾಡಿದ ಬಗೆಯಾದರೆ ಒಳಗೆ ಬಿಡಿ ಸಿಲಿಕಾನ್ ಉಳಿದಿರುತ್ತದೆ. ಸಿಲಿಕಾನ್ 1414 ಡಿಗ್ರಿಗೆ ಕರಗುತ್ತದೆ. ಈ ಅಂಕಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

2. ಯಾವ ಪದರದ ಮೇಲೆ ಯಾವುದು, ಲೆಕ್ಕ ಹಾಕಿ

ಜಿರ್ಕೋನಿಯಾ ಯಾಕೆ ಬೇಡ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಬಿಸಿಯಾದಾಗ ಎಲ್ಲ ವಸ್ತುವೂ ಹಿಗ್ಗುತ್ತದೆ, ಆದರೆ ಒಂದೇ ಸಮ ಹಿಗ್ಗುವುದಿಲ್ಲ. 100 ಮಿ.ಮೀ. ಉದ್ದದ ಪಟ್ಟಿಯನ್ನು ಸಾವಿರ ಡಿಗ್ರಿಯಷ್ಟು ಬಿಸಿ ಮಾಡಿದರೆ ಸಿಲಿಕಾನ್ ಕಾರ್ಬೈಡ್ ಸುಮಾರು ಅರ್ಧ ಮಿ.ಮೀ. ಉದ್ದವಾಗುತ್ತದೆ. ಟರ್ಬೈನ್‌ಗೆ ಬಳಸುವ ಇಟ್ರಿಯಾ ಬೆರೆಸಿದ ಜಿರ್ಕೋನಿಯಾ 1 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಬಿಸಿಯಲ್ಲಿ ಕೂತ ಪದರ ತಣಿಯುವಾಗ ಕೆಳಗಿನದಕ್ಕಿಂತ ಎರಡರಷ್ಟು ಕುಗ್ಗಲು ನೋಡುತ್ತದೆ, ಕುಗ್ಗಲು ಜಾಗವಿಲ್ಲ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಸೀಳು ಬಿಡುತ್ತದೆ. ಆ ಸೀಳಿನಲ್ಲಿ ಹಬೆ ಆರಾಮಾಗಿ ಇಳಿಯುತ್ತದೆ. ಜಿರ್ಕೋನಿಯಾ ಒಳಗೆ ಆಮ್ಲಜನಕ ಸುಲಭವಾಗಿ ಓಡಾಡುತ್ತದೆ ಅನ್ನುವುದು ಬೇರೆ. ನಿಕ್ಕಲ್ ಬ್ಲೇಡ್ ಮೇಲೆ ಅದು ಚೆನ್ನ, ಯಾಕಂದರೆ ನಿಕ್ಕಲ್ಲೂ ಜಾಸ್ತಿ ಹಿಗ್ಗುತ್ತದೆ. ಅಲ್ಲಿ ಅದರ ಕೆಲಸ ಶಾಖ ತಡೆಯುವುದು. ಇಲ್ಲಿ ಬೇಕಾಗಿರುವುದು ಹಬೆ ತಡೆಯುವ ಕೆಲಸ.

ಇದೇ ಲೆಕ್ಕದಲ್ಲಿ ಬೇರೆಯವು: ಸಿಲಿಕಾನ್ 0.35ರಿಂದ 0.45 ಮಿ.ಮೀ., ಮುಲೈಟ್ (ಅಲ್ಯುಮಿನಾ, ಸಿಲಿಕಾ ಸೇರಿದ ಸೆರಾಮಿಕ್) 0.5ರಿಂದ 0.6, ಇಟರ್ಬಿಯಂ ಡೈಸಿಲಿಕೇಟ್ 0.4ರಿಂದ 0.5, ಇಟರ್ಬಿಯಂ ಮೋನೋಸಿಲಿಕೇಟ್ 0.7ರ ಸುತ್ತಮುತ್ತ. ಡೈಸಿಲಿಕೇಟ್ ಯಾಕೆ ಎಲ್ಲರ ಆಯ್ಕೆ ಅಂತ ಈಗ ಕಾಣುತ್ತದೆ ಅಲ್ವಾ?

ಇದಕ್ಕೂ ಮುಂಚೆ ಏನೇನು ಬಂದು ಹೋಯಿತು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲು ಮುಲೈಟ್ ಬಂತು, ಹಬೆ ಅದರೊಳಗಿನ ಸಿಲಿಕಾವನ್ನು ಎಳೆದುಕೊಂಡು ಹೋಯಿತು. ಆಮೇಲೆ ಬೇರಿಯಂ ಸ್ಟ್ರಾನ್ಷಿಯಂ ಅಲ್ಯುಮಿನೋ ಸಿಲಿಕೇಟ್, ಎಲ್ಲರೂ ಬಿಎಸ್‌ಎಎಸ್ ಅನ್ನುವುದು. ಸೋಲಾರ್ ಟರ್ಬೈನ್ಸ್ ಲೈನರ್ ಮೇಲೆ ಇದ್ದದ್ದು ಅದೇ ಕುಟುಂಬದ ಕೋಟಿಂಗ್. ಚೆನ್ನಾಗಿತ್ತು, ಆದರೆ 1300 ಡಿಗ್ರಿ ಹತ್ತಿರ ಅದು ಸಿಲಿಕಾ ಜೊತೆ ಸೇರಿ ಕರಗುವ ಗಾಜಾಗುತ್ತದೆ. ಈಗ ನಡೆಯುತ್ತಿರುವುದು ರೇರ್ ಅರ್ತ್ ಅನ್ನುವ ಲೋಹಗಳ ಸಿಲಿಕೇಟ್‌ಗಳ ಕಾಲ. ಅವುಗಳಲ್ಲಿ ಇಟರ್ಬಿಯಂ ಯಾಕೆ, ಅಗ್ಗದ ಇಟ್ರಿಯಂ ಯಾಕಲ್ಲ ಅಂತ ಕೇಳುತ್ತೀರಿ. ಇಟ್ರಿಯಂ ಡೈಸಿಲಿಕೇಟ್ ಬಿಸಿ ಏರಿದಂತೆ ಒಳಗಿನ ರಚನೆ ಬದಲಿಸುತ್ತಾ ಹೋಗುತ್ತದೆ, ಪ್ರತಿ ಸಲ ಗಾತ್ರವೂ ಬದಲಾಗುತ್ತದೆ. ಇಟರ್ಬಿಯಂನದು ಕರಗುವವರೆಗೂ ಒಂದೇ ರೂಪ.

ಹಾಗಾಗಿ ನಿಮ್ಮ ಪದರಗಳು ಹೀಗಿರಲಿ: ತುಂಡಿನ ಮೇಲೆ 75ರಿಂದ 100 ಮೈಕ್ರಾನ್ ಸಿಲಿಕಾನ್, ಅದರ ಮೇಲೆ 150ರಿಂದ 200 ಮೈಕ್ರಾನ್ ಇಟರ್ಬಿಯಂ ಡೈಸಿಲಿಕೇಟ್. ಕೆಳಗಿನದು ಬಾಂಡ್ ಕೋಟ್, ಮೇಲಿನದು ಟಾಪ್ ಕೋಟ್. "ಇನ್ನಷ್ಟು ದಪ್ಪ ಇದ್ದರೆ ಇನ್ನೂ ಒಳ್ಳೆಯದಲ್ವಾ" ಅಂತ 500 ಮೈಕ್ರಾನ್ ಹೊಡೆಸಬೇಡಿ. ದಪ್ಪ ಹೆಚ್ಚಾದಷ್ಟೂ ಎದ್ದು ಬರುವ ಆಸೆ ಅದಕ್ಕೆ ಹೆಚ್ಚು.

3. ಮೇಲ್ಮೈ ತಯಾರಿ

ಗ್ರಿಟ್ ಬ್ಲಾಸ್ಟಿಂಗ್, ಅಂದರೆ ಗಟ್ಟಿ ಕಣಗಳನ್ನು ಗಾಳಿಯಲ್ಲಿ ರಭಸವಾಗಿ ಹೊಡೆದು ಮೇಲ್ಮೈ ಒರಟು ಮಾಡುವುದು. ಕರಗಿದ ಹನಿ ಹಿಡಿದು ಕೂರಲು ಒರಟು ಬೇಕು, ಸರಾಸರಿ ಒರಟುತನ 3ರಿಂದ 5 ಮೈಕ್ರಾನ್ ಸಾಕು. ಸಿಲಿಕಾನ್ ಕಾರ್ಬೈಡ್ ಅಲ್ಯುಮಿನಾಗಿಂತ ಗಟ್ಟಿ, ಹಾಗಾಗಿ ಗಟ್ಟಿ ಬಿಲ್ಲೆಗೆ ಅಲ್ಯುಮಿನಾ ಕಣ ಹೊಡೆದರೆ ಸಮಯ ಹಿಡಿಯುತ್ತದೆ. ಬೇಸರಪಟ್ಟು ಒತ್ತಡ ಏರಿಸಬೇಡಿ. ಅದೇ ಒತ್ತಡದಲ್ಲಿ ಮುಂದೆ ಸಿಎಂಸಿಗೆ ಹೊಡೆದರೆ ಮೇಲಿನ ತೆಳು ಹೊರಪದರ ಹಾರಿ ನೂಲು ಕಾಣಿಸಿಕೊಳ್ಳುತ್ತದೆ. ನೂಲು ಕಂಡಿತು ಅಂದರೆ ಆ ತುಂಡು ಮುಗಿಯಿತು.

ಆಮೇಲೆ ಅಸಿಟೋನ್‌ನಲ್ಲಿ, ನಂತರ ಎಥನಾಲ್‌ನಲ್ಲಿ ಅಲ್ಟ್ರಾಸಾನಿಕ್ ಬಾತ್, ಹತ್ತು ಹತ್ತು ನಿಮಿಷ. ಲ್ಯಾಬ್ ಓವನ್‌ನಲ್ಲಿ ಒಣಗಿಸಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಇದು ಮಡಿ ಮೈಲಿಗೆಯ ಮಾತಲ್ಲ. ಬೆರಳಿನ ಬೆವರಲ್ಲಿ ಉಪ್ಪಿದೆ, ಉಪ್ಪಲ್ಲಿ ಸೋಡಿಯಂ ಇದೆ, ಸೋಡಿಯಂ ಇದ್ದ ಕಡೆ ಸಿಲಿಕಾ ಅಡ್ಡಾದಿಡ್ಡಿ ಬೇಗ ಬೆಳೆಯುತ್ತದೆ. ಕ್ಯಾಲಿಪರ್‌ನಲ್ಲಿ ದಪ್ಪ ಅಳೆದು, ತೂಕ ಮಾಡಿ, ನಂಬರ್ ಕೊಟ್ಟು ಬೇರೆ ಬೇರೆ ಡಬ್ಬಿಗೆ ಹಾಕಿ. ನಂಬರನ್ನು ಡಬ್ಬಿ ಮೇಲೆ ಬರೆಯಿರಿ, ತುಂಡಿನ ಮೇಲೆ ಮಾರ್ಕರ್ ಬೇಡ.

4. ಸಿಲಿಕಾನ್ ಬಾಂಡ್ ಕೋಟ್

ಸಿಲಿಕಾನ್ ಯಾಕೆ ಬೇಕು? ಟಾಪ್ ಕೋಟ್ ತುಂಡಿಗೆ ಅಂಟಿಕೊಳ್ಳಲಿ ಅಂತ ಮಾತ್ರ ಅಲ್ಲ. ಮೇಲಿನಿಂದ ನುಸುಳಿ ಬರುವ ಆಮ್ಲಜನಕ, ಹಬೆಯನ್ನು ಇದು ತಾನೇ ತಿಂದು ಸಿಲಿಕಾ ಆಗುತ್ತದೆ. ಹಬೆ ನೇರವಾಗಿ ಸಿಲಿಕಾನ್ ಕಾರ್ಬೈಡ್‌ಗೆ ತಾಗಿದರೆ ಕಾರ್ಬನ್ ಮೋನಾಕ್ಸೈಡ್ ಅನಿಲ ಹುಟ್ಟಿ ಗುಳ್ಳೆ ಏಳುತ್ತದೆ. ಸಿಲಿಕಾನ್‌ನಲ್ಲಿ ಇಂಗಾಲವಿಲ್ಲ, ಆ ತೊಂದರೆ ಇಲ್ಲ.

ಪೌಡರ್ ಪುಡಿ ಮಾಡಿದ ಗಾಜಿನ ಹಾಗೆ ಮೂಲೆಮೂಲೆಯಾಗಿ ಇರುತ್ತದೆ, ಸರಾಗ ಹರಿಯುವುದಿಲ್ಲ. ಮಳೆಗಾಲದಲ್ಲಂತೂ ತೇವ ಹಿಡಿದು ಫೀಡರ್‌ನಲ್ಲೇ ಗಂಟು ಕಟ್ಟುತ್ತದೆ. ಹಿಂದಿನ ರಾತ್ರಿಯೇ 120 ಡಿಗ್ರಿಯಲ್ಲಿ ಒಣಗಿಸಿಟ್ಟು, ಬಿಸಿ ಇರುವಾಗಲೇ ಜರಡಿ ಹಿಡಿದು ತುಂಬಿಸಿ. ಪೌಡರ್ ಸಾಗಿಸುವ ಅನಿಲ ಆರ್ಗಾನ್ ಇರಲಿ. ಬಯಲು ಗಾಳಿಯಲ್ಲಿ ಸ್ಪ್ರೇ ಮಾಡಿದರೆ ಹನಿಗಳ ಮೇಲೆ ಸ್ವಲ್ಪ ಆಕ್ಸೈಡ್ ಆಗಿಯೇ ಆಗುತ್ತದೆ, ಸಹಿಸಿಕೊಳ್ಳಿ. ವ್ಯಾಕ್ಯೂಮ್ ಚೇಂಬರ್ ಇದ್ದರೆ ಅದೃಷ್ಟ.

ತುಂಡನ್ನು ಮೊದಲು ಬಿಸಿ ಮಾಡಿಕೊಳ್ಳಿ, ಗನ್ ಹಾದುಹೋಗುವಾಗ ಪೌಡರ್ ಬಿಡದೆ ನಾಲ್ಕಾರು ಸಲ ಓಡಿಸಿದರೂ ಆಗುತ್ತದೆ. ತಣ್ಣನೆ ತುಂಡಿನ ಮೇಲೆ ಬಿದ್ದ ಹನಿ ದೋಸೆಯ ಹಾಗೆ ಹರಡುವುದಿಲ್ಲ, ಸಿಡಿದು ಚೂರಾಗುತ್ತದೆ. ಒಂದು ತುಂಡನ್ನು ಈ ಹಂತದಲ್ಲೇ ತೆಗೆದಿಡಿ, ಬರೀ ಬಾಂಡ್ ಕೋಟ್ ಇರುವ ಮಾದರಿ ಆಮೇಲೆ ಹೋಲಿಕೆಗೆ ಬೇಕು.

ಜಾಬ್‌ವರ್ಕ್‌ನವರಿಗೆ ಮೊದಲೇ ಹೇಳಿ: ಇದು ಉಕ್ಕಿನ ಶಾಫ್ಟ್ ಅಲ್ಲ. ನಾಲ್ಕು ಕಡೆ ಬಿಗಿಯಾಗಿ ಕ್ಲ್ಯಾಂಪ್ ಮಾಡಿದರೆ ಬಿಸಿಯಾದಾಗ ಚಟ್ ಅಂತ ಒಡೆಯುತ್ತದೆ.

5. ಟಾಪ್ ಕೋಟ್: ಇಲ್ಲಿ ಅವಸರ ಬೇಡ

ಇಟರ್ಬಿಯಂ ಡೈಸಿಲಿಕೇಟ್ ಪೌಡರ್ ಡಬ್ಬಿಯಲ್ಲಿ ಇದ್ದಂತೆಯೇ ತುಂಡಿನ ಮೇಲೆ ಬಂದು ಕೂರುತ್ತದೆ ಅಂದುಕೊಳ್ಳಬೇಡಿ. ಪ್ಲಾಸ್ಮಾದ ಬಿಸಿಯಲ್ಲಿ ಹನಿಯ ಮೈಯಿಂದ ಸಿಲಿಕಾನ್ ಮೋನಾಕ್ಸೈಡ್ ಅನಿಲವಾಗಿ ಹಾರಿಹೋಗುತ್ತದೆ. ಸಿಲಿಕಾ ಕಡಿಮೆಯಾದ ಹನಿ ಮೋನೋಸಿಲಿಕೇಟ್ ಆಗಿ ಕೂರುತ್ತದೆ. ಮೇಲಿನ ಲೆಕ್ಕ ನೆನಪಿದೆಯಲ್ಲ, ಮೋನೋಸಿಲಿಕೇಟ್ 0.7 ಮಿ.ಮೀ. ಗಿರಾಕಿ. ಅದು ಜಾಸ್ತಿಯಾದಷ್ಟೂ ಸೀಳು ಜಾಸ್ತಿ.

ಹಾಗಂತ ಮೋನೋಸಿಲಿಕೇಟ್ ಪೂರ್ತಿ ಕೆಟ್ಟದ್ದಲ್ಲ. ಹಬೆಯಲ್ಲಿ ಸವೆಯುವುದು ಡೈಸಿಲಿಕೇಟ್‌ಗಿಂತ ಅದು ಕಡಿಮೆ. ಚೂರು ಚೂರು ಹರಡಿಕೊಂಡಿದ್ದರೆ ಪರವಾಗಿಲ್ಲ, ಉದ್ದುದ್ದ ಪಟ್ಟಿಯಾಗಿ ಕೂತರೆ ತಲೆನೋವು.

ಮಾಡಬೇಕಾದ್ದು ಇಷ್ಟು. ಪ್ಲಾಸ್ಮಾ ಅನಿಲದಲ್ಲಿ ಹೈಡ್ರೋಜನ್ ಕಡಿಮೆ ಮಾಡಿ, ಪವರ್ ಇಳಿಸಿ. ಆದರೆ ತೀರಾ ಇಳಿಸಿದರೆ ಪೌಡರ್ ಕರಗದೆ ಬೇಯದ ಅಕ್ಕಿಯ ಹಾಗೆ ಗಟ್ಟಿ ಕಾಳುಗಳೇ ಬಂದು ಕೂತು, ಸಂದಿಯಲ್ಲೆಲ್ಲ ತೂತು ಉಳಿಯುತ್ತದೆ. ಎರಡರ ನಡುವೆ ಹದ ಹುಡುಕಬೇಕು. ಅದಕ್ಕೆ ಮೂರು ಪವರ್ ಸೆಟ್ಟಿಂಗ್‌ನಲ್ಲಿ ಮೂರು ಉಕ್ಕಿನ ಪಟ್ಟಿಗಳ ಮೇಲೆ ಹೊಡೆದು, ಕತ್ತರಿಸಿ ನೋಡಿ ತೀರ್ಮಾನಿಸಿ. ಒಳ್ಳೆಯ ತುಂಡನ್ನು ಪ್ರಯೋಗಕ್ಕೆ ಬಲಿ ಕೊಡಬೇಡಿ. ಬೇರೆಯವರ ಪೇಪರ್‌ನಲ್ಲಿರುವ ಪವರ್ ಅಂಕಿ ತಂದು ನಿಮ್ಮ ಗನ್‌ಗೆ ಹಾಕಿದರೆ ಅದೇ ಫಲಿತಾಂಶ ಬರುವುದಿಲ್ಲ. ಗನ್ ಬೇರೆ, ನಾಝಲ್ ಸವೆತ ಬೇರೆ.

ಇನ್ನೊಂದು ದೊಡ್ಡ ಗುಟ್ಟು. ಹನಿ ಬಿದ್ದ ತಕ್ಷಣ ಎಷ್ಟು ಬೇಗ ತಣಿಯುತ್ತದೆ ಅಂದರೆ ಹರಳು ಕಟ್ಟಲು ಸಮಯವೇ ಸಿಗುವುದಿಲ್ಲ, ಬಹುಪಾಲು ಗಾಜಿನ ಸ್ಥಿತಿಯಲ್ಲೇ ಉಳಿಯುತ್ತದೆ. ಆಮೇಲೆ ಸಾವಿರ ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿದಾಗ ಹರಳು ಕಟ್ಟುತ್ತದೆ, ಆಗ ಕುಗ್ಗಿ ಬಿರುಕು ಬಿಡುತ್ತದೆ. ಮುಲೈಟ್ ಕಾಲದಲ್ಲೇ ನಾಸಾದವರಿಗೆ ಇದು ತಿಳಿದು, ತುಂಡನ್ನು ಸಾವಿರ ಡಿಗ್ರಿಗಿಂತ ಮೇಲೆ ಕಾಯಿಸಿಟ್ಟುಕೊಂಡೇ ಸ್ಪ್ರೇ ಮಾಡುವ ದಾರಿ ಹಿಡಿದರು. ವರ್ಜೀನಿಯಾ ವಿಶ್ವವಿದ್ಯಾಲಯದವರು ಇಟರ್ಬಿಯಂ ಸಿಲಿಕೇಟ್‌ಗೆ 1200 ಡಿಗ್ರಿಯ ಫರ್ನೇಸ್‌ನೊಳಗೇ ತುಂಡಿಟ್ಟು ಹೊಡೆದರು. ಗನ್ ಎದುರಿಗೆ ಚಿಕ್ಕ ಫರ್ನೇಸ್ ಇಡಲು ನಿಮ್ಮಲ್ಲಿ ಜಾಗ, ಅನುಮತಿ ಎರಡೂ ಇದ್ದರೆ ಖಂಡಿತ ಮಾಡಿ, ಫಲಿತಾಂಶದಲ್ಲಿ ಅಜಗಜಾಂತರ ಇರುತ್ತದೆ. ಇಲ್ಲದಿದ್ದರೆ ಕೊನೇಪಕ್ಷ ತುಂಡು ಆದಷ್ಟೂ ಬಿಸಿ ಇರುವಾಗ ಹೊಡೆದು, ಮುಗಿದ ಮೇಲೆ ಸೆರಾಮಿಕ್ ಉಣ್ಣೆ ಹೊದಿಸಿ ನಿಧಾನಕ್ಕೆ ತಣಿಯಲು ಬಿಡಿ. ತಣ್ಣನೆ ಗಾಳಿಯ ಜೆಟ್ ಆಫ್ ಮಾಡಿಸುವುದು ಮರೆಯಬೇಡಿ. ಲೋಹಕ್ಕೆ ಸ್ಪ್ರೇ ಮಾಡಿ ರೂಢಿಯಾದ ಆಪರೇಟರ್ ಅದನ್ನು ಅಭ್ಯಾಸಬಲದಿಂದ ಆನ್ ಮಾಡಿಯೇ ಇಟ್ಟಿರುತ್ತಾರೆ.

6. ಹದವಾಗಿ ಕಾಯಿಸುವುದು

ಅನೀಲಿಂಗ್ ಅನ್ನುವುದು ಇದಕ್ಕೇ. ಗಾಜಾಗಿ ಕೂತದ್ದನ್ನು ಹರಳಾಗಿಸುವುದು. ಬಾಕ್ಸ್ ಫರ್ನೇಸ್‌ನಲ್ಲಿ, ಸಾಮಾನ್ಯ ಗಾಳಿಯಲ್ಲಿ, 1300 ಡಿಗ್ರಿ, 20 ಗಂಟೆ. 900 ಡಿಗ್ರಿವರೆಗೆ ನಿಮಿಷಕ್ಕೆ 4-5 ಡಿಗ್ರಿ ಏರಿಸಬಹುದು. 900ರಿಂದ 1100ರವರೆಗೆ ನಿಮಿಷಕ್ಕೆ 1 ಡಿಗ್ರಿ, ಅದಕ್ಕಿಂತ ಬೇಗ ಬೇಡ. ಹರಳು ಕಟ್ಟುವುದು ಅಲ್ಲೇ. ಇಳಿಸುವಾಗಲೂ ನಿಮಿಷಕ್ಕೆ 2-3 ಡಿಗ್ರಿ. "ಬೆಳಗ್ಗೆ ಬೇಗ ತೆಗೆಯಬೇಕು" ಅಂತ ಬಾಗಿಲು ತೆರೆದರೆ ಅಷ್ಟೂ ದಿನದ ಕೆಲಸ ನೀರಲ್ಲಿ ಹೋಮ.

ಮತ್ತೆ 1414. ಫರ್ನೇಸ್ ಡಿಸ್‌ಪ್ಲೇ ತೋರಿಸುವುದೇ ತುಂಡಿನ ಬಿಸಿ ಅಂತ ನಂಬಬೇಡಿ. ಹಳೆಯ ಥರ್ಮೋಕಪಲ್ ಕಡಿಮೆ ತೋರಿಸಬಹುದು, ಏರುವಾಗ ಗುರಿ ದಾಟಿ ಹೋಗಬಹುದು. ಬಾಂಡ್ ಕೋಟ್ ಕರಗಿದರೆ ಅಂಚಿನಲ್ಲಿ ಬೆಳ್ಳಿ ಬಣ್ಣದ ಮಣಿಗಳು ಕಾಣಿಸುತ್ತವೆ. ತುಂಡಿನ ಪಕ್ಕದಲ್ಲೇ ಇನ್ನೊಂದು ಥರ್ಮೋಕಪಲ್ ಇಟ್ಟು ಒಮ್ಮೆ ಖಾಲಿ ಓಡಿಸಿ ನೋಡಿಕೊಳ್ಳಿ.

ಮುಗಿದ ಮೇಲೆ ಒಂದು ತುಂಡಿಗೆ ಎಕ್ಸ್‌ಆರ್‌ಡಿ ಮಾಡಿಸಿ. ಕಾಯಿಸುವ ಮುಂಚಿನ ಮಾದರಿಯಲ್ಲಿ ಗುಡ್ಡದ ಹಾಗೆ ಅಗಲವಾದ ಉಬ್ಬು ಇರುತ್ತದೆ, ಅದು ಗಾಜು. ಕಾಯಿಸಿದ ಮೇಲೆ ಚೂಪು ಚೂಪು ಗೆರೆ ಬರಬೇಕು. ಇನ್ನೂ ಉಬ್ಬು ಉಳಿದಿದ್ದರೆ ಹಬೆ ಪರೀಕ್ಷೆಗೆ ಹೋಗಬೇಡಿ, ಮತ್ತೆ ಕಾಯಿಸಿ.

7. ಹಬೆ ಪರೀಕ್ಷೆ

ಬಹಳ ಲ್ಯಾಬ್‌ಗಳು ಅನುಸರಿಸುವುದು ನಾಸಾದವರ ಪದ್ಧತಿ: ಶೇ 90 ಹಬೆ, ಶೇ 10 ಆಮ್ಲಜನಕ, 1316 ಡಿಗ್ರಿ. ಒಂದು ಗಂಟೆ ಬಿಸಿಯಲ್ಲಿ, 20 ನಿಮಿಷ ಹೊರಗೆ 100 ಡಿಗ್ರಿಗಿಂತ ಕೆಳಗೆ, ಮತ್ತೆ ಒಳಗೆ. 1316 ಅನ್ನುವ ವಿಚಿತ್ರ ಅಂಕಿ ಯಾಕೆ ಅಂದರೆ ಅದು 2400 ಫ್ಯಾರನ್‌ಹೀಟ್, ಅಷ್ಟೇ. ಶೇ 90 ಹಬೆ ಯಾಕೆ? ಎಂಜಿನ್ ಒಳಗೆ ಹಬೆ ಶೇ 10 ಇದ್ದರೂ ಒಟ್ಟು ಒತ್ತಡ ಹೊರಗಿನ ಗಾಳಿಯ ಹತ್ತಾರು ಪಟ್ಟು ಇರಬಹುದು. 9 ಪಟ್ಟು ಒತ್ತಡದಲ್ಲಿ ಶೇ 10 ಹಬೆ ಅಂದರೆ, ನಮ್ಮ ಲ್ಯಾಬ್‌ನ ಸಾಮಾನ್ಯ ಒತ್ತಡದಲ್ಲಿ ಶೇ 90 ಹಬೆಗೆ ಸಮ.

ನೀರಿನ ಲೆಕ್ಕ ಹೀಗೆ. ಆಮ್ಲಜನಕ ನಿಮಿಷಕ್ಕೆ 100 ಮಿ.ಲೀ. ಬಿಟ್ಟರೆ ಹಬೆ 900 ಮಿ.ಲೀ. ಬೇಕು. 18 ಗ್ರಾಂ ನೀರು 22.4 ಲೀಟರ್ ಅನಿಲಕ್ಕೆ ಸಮ. ಅಂದರೆ ಪಂಪ್ ನಿಮಿಷಕ್ಕೆ 0.72 ಮಿ.ಲೀ. ನೀರು ಹಾಕಬೇಕು. ನಂಬಿಕೆಗೆ ಬಿಡಬೇಡಿ: ಹೊರಬರುವ ತುದಿಯಲ್ಲಿ ಹಬೆ ತಣಿಸಿ ನೀರು ಹಿಡಿಯಿರಿ, ಗಂಟೆಗೆ 43 ಮಿ.ಲೀ. ಹತ್ತಿರ ಸಿಗಬೇಕು. 25 ಸಿಕ್ಕಿದರೆ ಎಲ್ಲೋ ಸೋರುತ್ತಿದೆ.

ಜನ ಸಾಮಾನ್ಯವಾಗಿ ಬೀಳುವ ಗುಂಡಿಗಳು ಇವು.

ನೀರು: ಕ್ಯಾನ್ ನೀರು, ಆರ್‌ಒ ನೀರು ಎರಡೂ ಬೇಡ, ಲವಣ ಇದ್ದೇ ಇರುತ್ತದೆ. ಡೀಅಯೊನೈಸ್ಡ್ ನೀರೇ ಆಗಬೇಕು. ಪೈಪನ್ನು ಹೀಟಿಂಗ್ ಟೇಪ್ ಸುತ್ತಿ 150 ಡಿಗ್ರಿಯಲ್ಲಿ ಇಡಿ, ಇಲ್ಲದಿದ್ದರೆ ಹಬೆ ಮಧ್ಯದಲ್ಲೇ ನೀರಾಗಿ, ಹನಿ ಬಿಸಿ ಟ್ಯೂಬ್ ಮೇಲೆ ಬಿದ್ದು ಟ್ಯೂಬೇ ಸೀಳುತ್ತದೆ.

ಟ್ಯೂಬ್: ಅಲ್ಯುಮಿನಾ ಟ್ಯೂಬ್‌ನಲ್ಲಿರುವ ಚೂರುಪಾರು ಸೋಡಿಯಂ ಹಬೆ ಜೊತೆ ಬಂದು ತುಂಡಿನ ಮೇಲೆ ಕೂತು ಸಿಲಿಕಾ ಬೆಳವಣಿಗೆ ಜಾಸ್ತಿ ಮಾಡುತ್ತದೆ. ಕ್ವಾರ್ಟ್ಜ್ ಟ್ಯೂಬ್ ಹಾಕಿದರೆ ಅದೇ ಹಬೆಗೆ ಸವೆದು ಅನಿಲದಲ್ಲಿ ಸಿಲಿಕಾ ತುಂಬಿಸಿಬಿಡುತ್ತದೆ, ಈ ಬಿಸಿಯಲ್ಲಿ ಬಾಳುವುದೂ ಇಲ್ಲ. ಹೆಚ್ಚು ಶುದ್ಧತೆಯ ಅಲ್ಯುಮಿನಾ ತೆಗೆದುಕೊಂಡು, ಹೊಸ ಟ್ಯೂಬನ್ನು ತುಂಡಿಲ್ಲದೆ ಕೆಲವು ದಿನ ಹಬೆಯಲ್ಲಿ ಓಡಿಸಿ ಆಮೇಲೆ ಬಳಸಿ. ಪ್ರತಿ ಸುತ್ತಿನಲ್ಲೂ ಕೋಟಿಂಗ್ ಇಲ್ಲದ ಒಂದು ತುಂಡು ಜೊತೆಗಿರಲಿ.

ತೂಗುಹಾಕುವ ತಂತಿ: ಪ್ಲಾಟಿನಂ ಮುಟ್ಟಿಸಲೇಬೇಡಿ. ನಾನೇ ಒಮ್ಮೆ, ಪ್ಲಾಟಿನಂಗೆ ಏನೂ ಆಗಲ್ಲ ಅನ್ನುವ ಧೈರ್ಯದಲ್ಲಿ ಕಟ್ಟಿ, ಬೆಳಗ್ಗೆ ಬಂದು ನೋಡಿದರೆ ತಂತಿ ತುಂಡಾಗಿ ಬಿಲ್ಲೆಯಲ್ಲಿ ತೂತು. ಪ್ಲಾಟಿನಂ ಮತ್ತು ಸಿಲಿಕಾನ್ ಸೇರಿದರೆ ಸಾವಿರ ಡಿಗ್ರಿಗೂ ಮೊದಲೇ ಕರಗುತ್ತವೆ. ಸಿಲಿಕಾನ್ ಕಾರ್ಬೈಡ್‌ನದೇ ಸ್ಟ್ಯಾಂಡ್ ಮಾಡಿಸಿಕೊಳ್ಳಿ.

ಒಂದೇ ಮುಖಕ್ಕೆ ಕೋಟಿಂಗ್ ಮಾಡಿ ತೂಕದ ಲೆಕ್ಕ ಬರೆಯುವುದು: ಹಿಂಬದಿ ಪೂರ್ತಿ ಬಯಲಾಗಿರುತ್ತದೆ, ಆ ತೂಕಕ್ಕೆ ಅರ್ಥವಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಫರ್ನೇಸ್‌ನಲ್ಲಿ ಹಬೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಚಲಿಸುತ್ತದೆ. ಎಂಜಿನ್‌ನಲ್ಲಿ ಹತ್ತಾರು, ನೂರಾರು ಮೀಟರ್. ಹಾಗಾಗಿ ಇಲ್ಲಿ ನೀವು ನೋಡುತ್ತಿರುವುದು ಒಳಗೆ ಸಿಲಿಕಾ ಎಷ್ಟು ಬೆಳೆಯಿತು, ಕೋಟಿಂಗ್ ಏಳುತ್ತದೆಯೇ ಅನ್ನುವುದನ್ನು ಮಾತ್ರ. ಮೇಲ್ಮೈ ಸವೆತವನ್ನಲ್ಲ. "500 ಸುತ್ತು ಓಡಿಸಿದೆವು, ರಿಸೆಷನ್ ಇಲ್ಲ" ಅಂತ ಥೀಸಿಸ್‌ನಲ್ಲಿ ಬರೆದರೆ ಪರೀಕ್ಷಕರು ಹಿಡಿದೇ ಹಿಡಿಯುತ್ತಾರೆ.

8. ಕತ್ತರಿಸಿ ನೋಡುವುದು

ಕತ್ತರಿಸುವ ಮೊದಲೇ ವ್ಯಾಕ್ಯೂಮ್‌ನಲ್ಲಿ ಎಪಾಕ್ಸಿ ತುಂಬಿಸಿ. ಬ್ಲೇಡ್ ಕೋಟಿಂಗ್ ಕಡೆಯಿಂದ ಒಳಗೆ ಹೋಗಬೇಕು, ಹಿಂದಿನಿಂದ ಬಂದರೆ ಅದನ್ನು ಎಬ್ಬಿಸಿ ಹಾಕುತ್ತದೆ. ಪಾಲಿಶ್ ಅವಸರದಲ್ಲಿ ಮಾಡಿದರೆ ಕಾಳು ಕಿತ್ತುಬಂದ ಗುಳಿಗಳೇ ತೂತಿನ ಹಾಗೆ ಕಾಣುತ್ತವೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ ಬ್ಯಾಕ್‌ಸ್ಕ್ಯಾಟರ್ ಚಿತ್ರದಲ್ಲಿ ಭಾರದ ಧಾತು ಇದ್ದಲ್ಲಿ ಬೆಳ್ಳಗೆ ಕಾಣುತ್ತದೆ. ಮೋನೋಸಿಲಿಕೇಟ್ ಅಚ್ಚ ಬಿಳಿ, ಡೈಸಿಲಿಕೇಟ್ ಸ್ವಲ್ಪ ಬೂದು, ಸಿಲಿಕಾನ್ ಕಪ್ಪು, ಸಿಲಿಕಾ ಇನ್ನೂ ಕಪ್ಪು. ಸಿಲಿಕಾನ್ ಮತ್ತು ಟಾಪ್ ಕೋಟ್ ನಡುವೆ ಇರುವ ಆ ಕಪ್ಪು ಗೆರೆಯೇ ಟಿಜಿಒ, ಅಂದರೆ ಬಿಸಿಯಲ್ಲಿ ಬೆಳೆದ ಆಕ್ಸೈಡ್. ನಿಮ್ಮ ಇಡೀ ಪ್ರಾಜೆಕ್ಟ್ ನಿಂತಿರುವುದು ಆ ಗೆರೆಯ ಮೇಲೆ.

ಯಾಕಂದರೆ ಅದು ಬಿಸಿಯಲ್ಲಿ ಕ್ರಿಸ್ಟೋಬಲೈಟ್ ಎಂಬ ರೂಪದಲ್ಲಿ ಬೆಳೆಯುತ್ತದೆ. ತಣಿಯುವಾಗ 270ರಿಂದ 220 ಡಿಗ್ರಿ ನಡುವೆ ಎಲ್ಲೋ ಇದ್ದಕ್ಕಿದ್ದಂತೆ ರೂಪ ಬದಲಿಸಿ ಶೇ 5ರ ಹತ್ತಿರ ಕುಗ್ಗುತ್ತದೆ. ತೆಳುವಾಗಿದ್ದರೆ ಸಣ್ಣ ಬಿರುಕು ಬಿಟ್ಟು ಸುಮ್ನಿರುತ್ತದೆ. 20ರಿಂದ 30 ಮೈಕ್ರಾನ್ ದಾಟಿದರೆ ಬಿರುಕುಗಳು ಅಡ್ಡಡ್ಡ ಸೇರಿಕೊಂಡು ಇಡೀ ಟಾಪ್ ಕೋಟ್ ಹಾಳೆಯ ಹಾಗೆ ಎದ್ದು ಬರುತ್ತದೆ. 1316 ಡಿಗ್ರಿಯಲ್ಲಿ ಬೆಳೆದ ಪಾಪ, 220ರಲ್ಲಿ ಫಲ ಕೊಡುತ್ತದೆ. ಹಾಗಾಗಿಯೇ ಸುತ್ತಿನಲ್ಲಿ 100 ಡಿಗ್ರಿಗಿಂತ ಕೆಳಗೆ ಇಳಿಸಲೇಬೇಕು ಅಂದದ್ದು. 400ರವರೆಗೆ ಮಾತ್ರ ಇಳಿಸಿ ಮತ್ತೆ ಏರಿಸಿದರೆ ನಿಮ್ಮ ಕೋಟಿಂಗ್ ಅಮರ ಅನ್ನಿಸಿಬಿಡುತ್ತದೆ.

100, 200, 400 ಸುತ್ತಿಗೆ ಒಂದೊಂದು ತುಂಡು ತೆಗೆದು, ಪ್ರತಿಯೊಂದರಲ್ಲೂ ಕನಿಷ್ಠ 30 ಕಡೆ ಟಿಜಿಒ ದಪ್ಪ ಅಳೆಯಿರಿ. ಸರಾಸರಿ ಜೊತೆ ಅತಿ ಹೆಚ್ಚಿನದನ್ನೂ ಬರೆಯಿರಿ, ಏಳುವುದು ಅತಿ ದಪ್ಪ ಇದ್ದಲ್ಲಿಂದ. ದಪ್ಪದ ವರ್ಗವನ್ನು ಸಮಯದ ಎದುರು ಗ್ರಾಫ್ ಹಾಕಿ. ನೇರ ಗೆರೆ ಬಂದರೆ ಕೋಟಿಂಗ್ ಗಟ್ಟಿಯಾಗಿದೆ, ಹಬೆ ಕಷ್ಟಪಟ್ಟು ನುಸುಳುತ್ತಿದೆ ಅಂತ. ಮಧ್ಯದಲ್ಲಿ ಗೆರೆ ಮೇಲಕ್ಕೆ ತಿರುಗಿದರೆ ಎಲ್ಲೋ ಸೀಳು ಬಾಯಿ ಬಿಟ್ಟಿದೆ, ಆ ತುಂಡಿನ ಅಂಚು ನೋಡಿ ಮೊದಲು. ಟಿಜಿಒ ತುಂಬಾ ಬೇಗ ಬೆಳೆಯುತ್ತಿದ್ದರೆ ಟಾಪ್ ಕೋಟ್ ಪೌಡರ್‌ಗೆ ಸ್ವಲ್ಪ ಅಲ್ಯುಮಿನಾ ಅಥವಾ ಮುಲೈಟ್ ಬೆರೆಸುವ ದಾರಿ ಇದೆ. ನಾಸಾದವರು 2010ರ ದಶಕದ ಕೊನೆಯಲ್ಲಿ ಅದನ್ನು ತೋರಿಸಿದ್ದಾರೆ, ಬೆಳವಣಿಗೆ ಚೆನ್ನಾಗಿಯೇ ತಗ್ಗುತ್ತದೆ.

9. ಮರಳಿನ ಪರೀಕ್ಷೆ, ಬೇಕಿದ್ದರೆ

ಎಂಜಿನ್ ನುಂಗುವ ಮರಳು, ಧೂಳು, ಜ್ವಾಲಾಮುಖಿ ಬೂದಿ 1200 ಡಿಗ್ರಿ ಮೇಲೆ ಕರಗಿ ಗಾಜಾಗಿ ಕೋಟಿಂಗ್ ಮೇಲೆ ಹರಡುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂ, ಸಿಲಿಕಾದ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಸೀಮ್ಯಾಸ್ ಅಂತಾರೆ. ಮೋನೋಸಿಲಿಕೇಟ್ ಜೊತೆ ಅದು ಬೇಗ ಪ್ರತಿಕ್ರಿಯಿಸಿ ಅಪಟೈಟ್ ಹರಳು ಕಟ್ಟುತ್ತದೆ. ಡೈಸಿಲಿಕೇಟ್‌ನಲ್ಲಿ ಪ್ರತಿಕ್ರಿಯೆ ನಿಧಾನ, ಅದರ ಬದಲು ಕಾಳುಗಳ ಸಂದಿಯಲ್ಲಿ ಇಳಿದು ಕೋಟಿಂಗ್ ಉಬ್ಬಿಸುತ್ತದೆ.

ಇದಕ್ಕೆ ಹಬೆ ಪರೀಕ್ಷೆಯ ತುಂಡು ಬಳಸಬೇಡಿ, ಹೊಸದೇ ಬೇಕು. ಸೀಮ್ಯಾಸ್ ಪುಡಿಯನ್ನು ಎಥನಾಲ್‌ನಲ್ಲಿ ಕಲಸಿ ಬಿಲ್ಲೆಯ ನಡುವೆ ಮಾತ್ರ ಹಚ್ಚಿ, ಅಂಚಿಗೆ ಹರಿದರೆ ಪಕ್ಕದಿಂದ ಬಾಂಡ್ ಕೋಟ್‌ಗೇ ಇಳಿಯುತ್ತದೆ. ಚದರ ಸೆಂ.ಮೀ.ಗೆ 10ರಿಂದ 20 ಮಿ.ಗ್ರಾಂ ಸಾಕು. ಕಾಯಿಸುವುದು 1300 ಡಿಗ್ರಿಯಲ್ಲಿ, ಮೊದಲು 1 ಗಂಟೆ, ಇನ್ನೊಂದು ತುಂಡು 10 ಗಂಟೆ, ಮತ್ತೊಂದು 50. ಫರ್ನೇಸ್ ತಳಕ್ಕೆ ಬೇಡದ ಅಲ್ಯುಮಿನಾ ತಟ್ಟೆ ಹಾಸಿ, ಕರಗಿದ ಗಾಜು ಅಂಟಿದರೆ ಆಮೇಲೆ ಉಳಿ ಹಿಡಿದು ಕೆತ್ತಬೇಕಾಗುತ್ತದೆ.